ಶಾಲೆಗೆ ಹೋದ ಜೋಳದ ಚೀಲ

ಬೆಳಗಿನ ಮೊದಲ ರೊಟ್ಟಿಯನ್ನು ನೀಲಗಂಗವ್ವ ಮನೆಯವರ ತಾಟಿಗೆ ಹಾಕುವುದಿಲ್ಲ. ಮಿಂದು, ವಿಭೂತಿ ಧರಿಸಿ, ಲಿಂಗಪೂಜೆ ಮುಗಿಸಿ ಒಲೆಯ ಮುಂದೆ ಕುಳಿತಳೆಂದರೆ, ಹಂಚಿನಿಂದ ಮೊದಲು ಇಳಿದ ಜೋಳದ ರೊಟ್ಟಿಯನ್ನು ನಾಲ್ಕು ಮಡಿಕೆ ಮಾಡಿ, ಒಳಗೊಂದು ಚೂರು ಬೆಲ್ಲವಿಟ್ಟು, ಹಿತ್ತಿಲ ಕಟ್ಟೆಯ ಮೇಲೆ ಇಟ್ಟು ಬರುತ್ತಾಳೆ. ಕುಪ್ಪೇಲೂರಿನ ತವರಿನಲ್ಲಿ ಅದು ಕುದುರೆಯ ಪಾಲು. ಅವಳ ಅಪ್ಪ ವೀಳ್ಯದೆಲೆಯ ವ್ಯಾಪಾರಿ. ಎಲೆಯ ಪಿಂಡಿ ಹೇರಿಕೊಂಡು ಸಂತೆಯಿಂದ ಸಂತೆಗೆ ಕುದುರೆಯ ಮೇಲೆ ತಿರುಗುತ್ತಿದ್ದವನು. ದುಡಿದವರಿಗೆ ಮೊದಲ ತುತ್ತು ಎನ್ನುವುದು ಆ ಮನೆಯ ಕಟ್ಟಳೆ. ಹಲಗೇರಿಯ ಕೊಟ್ರಪ್ಪನ ಕೈಹಿಡಿದು ಬಂದ ಮೇಲೆ ನಲವತ್ತು ವರ್ಷ ಕುದುರೆಯ ಮುಖ ಕಾಣಲಿಲ್ಲ, ರೊಟ್ಟಿ ಮಾತ್ರ ತಪ್ಪಲಿಲ್ಲ. ಎಮ್ಮೆ ತಿಂದಿತು, ನಾಯಿ ತಿಂದಿತು, ಕಾಗೆ ತಿಂದಿತು. ಯಾವುದು ತಿಂದಿತೆಂದು ಅವಳು ನೋಡಲು ಹೋದವಳಲ್ಲ.

ಹೋದ ಕಾರ್ತಿಕದಲ್ಲಿ ಮಗ ಪ್ರವೀಣಕುಮಾರನನ್ನು ಮಣ್ಣು ಮಾಡಿ ಬಂದ ಮರುದಿನ ಒಲೆ ಹೊತ್ತಿರಲಿಲ್ಲ. ಡಬ್ಬಿಯೊಳಗಿನ ಕಟಕರೊಟ್ಟಿ ಮುರಿದು ಕಟ್ಟೆಯ ಮೇಲೆ ಇಟ್ಟು ಬಂದಳು. "ಈಕಿಗೆ ಏನೂ ಅನಸೂದಿಲ್ಲೇನವ್ವಾ?" ಎಂದು ಮಾತಾಡಿಸಲು ಬಂದ ಹೆಂಗಸರು ಪಿಸುಗುಟ್ಟಿದ್ದು ಅವಳ ಕಿವಿಗೂ ಬಿತ್ತು. ಅವರು ಅಂದದ್ದು ಸುಳ್ಳಾಗಿರಲಿಲ್ಲ. ಏನೂ ಅನಿಸಿರಲಿಲ್ಲ. ಅಂದಿನಿಂದ ಸಾರಿಗೆ ಉಪ್ಪು ಹೆಚ್ಚಾದರೂ ಅವಳಿಗೆ ತಿಳಿಯುವುದಿಲ್ಲ, ಬಿಸಿ ಹಂಚು ಬೆರಳಿಗೆ ತಾಗಿದರೂ ಕೈ ತಡವಾಗಿ ಹಿಂದೆ ಬರುತ್ತದೆ. ಬೆಳಿಗ್ಗೆ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಮೊದಲಿನಷ್ಟೇ ಹೊತ್ತು ಕೂಡುತ್ತಾಳೆ. ಒಳಗೆ ಏನೂ ಅಲುಗುವುದಿಲ್ಲ. ಆದರೂ ಕೂಡುತ್ತಾಳೆ.

ಮಗಳನ್ನು ಶಾಲೆಯಿಂದ ಬೈಕಿನ ಮೇಲೆ ಕರೆತರುವಾಗ ಪ್ರವೀಣನಿಗೆ ಹಿಂದಿನಿಂದ ಲಾರಿ ತಾಗಿತ್ತು. ಅವನು ಅಲ್ಲಿಯೇ ಹೋದ. ಎಂಟು ವರ್ಷದ ಶ್ರದ್ಧಾಳ ಎಡಗಾಲು ಮುರಿದು, ಒಳಗೆ ರಾಡು ಹಾಕಿದರು. ಕಾಲು ಕೂಡಿತು, ಆದರೆ ಎರಡು ಹೊಲ ದಾಟುವುದರೊಳಗೆ ಹುಡುಗಿ ಕುಳಿತುಬಿಡುತ್ತಾಳೆ. ಬೈಕಿನ ಸದ್ದು ಕೇಳಿದರೆ ಮೈ ಕಟ್ಟಿಗೆಯಾಗುತ್ತದೆ. ರಾಣೆಬೆನ್ನೂರಿನ ಆಸ್ಪತ್ರೆಗೆ ಕಾರಿನಲ್ಲಿ ಒಯ್ಯುವಾಗಲೆಲ್ಲ ದಾರಿಯುದ್ದಕ್ಕೂ ವಾಂತಿ. ಅವರ ಮನೆ ಊರೊಳಗಿಲ್ಲ. ಹಲಗೇರಿಯಿಂದ ಎರಡೂವರೆ ಕಿಲೋಮೀಟರ್ ಒಳಗೆ, ಹೊಲದಲ್ಲಿದೆ. ಎರೆಮಣ್ಣಿನ ದಾರಿ. ಶಾಲೆಯ ವ್ಯಾನು ಅಲ್ಲಿಗೆ ಬರುವುದಿಲ್ಲ, ಬಂದರೂ ಹುಡುಗಿ ಹತ್ತುವುದಿಲ್ಲ.

ಯುಗಾದಿ ಮುಗಿದ ಮೇಲೆ ಸೊಸೆ ಶ್ರೀದೇವಿಯ ಅಣ್ಣ ವಿಕಾಸ ಬ್ಯಾಡಗಿಯಿಂದ ಬಂದ. ಅಲ್ಲಿ ಅವನದು ಮೆಣಸಿನಕಾಯಿ ದಲಾಲಿ ಅಂಗಡಿ. ಕೆಟ್ಟವನಲ್ಲ, ಮಾತು ಸುತ್ತಿ ಬಳಸಿ ಆಡುವವನೂ ಅಲ್ಲ.

"ಸಾಲಿ ನಮ್ಮ ಮನಿ ಗ್ವಾಡಿಗೆ ಹತ್ತೇ ಐತ್ರಿ ಮಾವಾರ," ಎಂದು ಕೊಟ್ರಪ್ಪನಿಗೆ ಹೇಳಿದ. "ಜೂನ್ ಒಂದಕ್ಕ ಸಾಲಿ ಸುರು. ಅಷ್ಟರಾಗ ಇಲ್ಲೇ ಏನರ ದಾರಿ ಆದ್ರ ಛಲೋ. ಇಲ್ಲಂದ್ರ ಕೂಸಿನ್ನ ನಾ ಕರಕೊಂಡು ಹೊಕ್ಕೇನಿ. ಈಗs ಒಂದ್ ವರ್ಷ ಹಾಳಾಗೇತಿ."

"ನಾ ಬರೂದಿಲ್ಲಣ್ಣಾ," ಎಂದಳು ಶ್ರೀದೇವಿ. ಗಂಡ ಹಾಕಿದ್ದ ಬೆಂಡೆಯ ಬೀಜದ ಪ್ಲಾಟನ್ನು ಈಗ ಅವಳೇ ನೋಡುತ್ತಿದ್ದಳು. ಬೆಳಗಿನ ಹೊತ್ತು ಹೂವಿನಿಂದ ಹೂವಿಗೆ ಪರಾಗ ಮುಟ್ಟಿಸುವ ಕೆಲಸ. ಒಂದು ದಿನ ಬಿಟ್ಟರೆ ಆ ದಿನದ ಕಾಯಿ ಹೋದಂತೆಯೇ.

"ನೀ ಬರಬ್ಯಾಡ. ಕೂಸರ ಬರಲಿ."

ಶ್ರೀದೇವಿ ಒಳಗೆ ಎದ್ದುಹೋದಳು. ಕೂಸು ತಂದೆಯನ್ನು ಕಳೆದುಕೊಂಡು ಆರು ತಿಂಗಳಾಗಿಲ್ಲ, ಈಗ ತಾಯಿಯಿಂದಲೂ ದೂರ. ನೀಲಗಂಗವ್ವ ಬಾಗಿಲ ಬಳಿ ಕುಳಿತು ಎಲ್ಲ ಕೇಳಿದಳು. ಮರುದಿನ ರೊಟ್ಟಿ ಬಡಿಯುತ್ತ ಗಂಡನಿಗೆ ಹೇಳಿದಳು: "ಕುದರಿ ತರೂಣು."

ಕೊಟ್ರಪ್ಪ ಚಹಾದ ಬಟ್ಟಲು ಕೆಳಗಿಟ್ಟ. "ಯಾಕ? ಲಗ್ನದ ಮೆರವಣಿಗಿ ಐತೇನು ನಮ್ಮ ಮನ್ಯಾಗ?"

"ಕುದರಿಗೆ ಎಂಜಿನ್ ಇಲ್ಲ. ಕೂಸು ಮ್ಯಾಲ ಕುಂದರತೈತಿ, ನಾ ಹಗ್ಗ ಹಿಡಕೊಂಡು ಮುಂದ ನಡೀತೇನಿ. ಹೋಗಿ ಬರಾಕ ಎರಡು ತಾಸು."

"ಮಂದಿ ನಗತಾರ."

"ನಗಲಿ ಬಿಡ್ರಿ. ನಗಿಸಿ ಭಾಳ ದಿನ ಆತು."

ಅವಳ ಮುಖದಲ್ಲಿ ನಗೆಯಿರಲಿಲ್ಲ, ಸಿಟ್ಟೂ ಇರಲಿಲ್ಲ. ಕೊಟ್ರಪ್ಪ ಎರಡು ದಿನ ವಿಚಾರ ಮಾಡಿ, ಮೂರನೆಯ ದಿನ ರುಮಾಲು ಸುತ್ತಿಕೊಂಡ. ಎತ್ತಿನ ಸುಳಿ ನೋಡುವುದರಲ್ಲಿ ಅವನು ಸುತ್ತ ಹತ್ತು ಹಳ್ಳಿಗೆ ಹೆಸರಾದವನು. ದನಕರುಗಳ ಮೈಮೇಲೆ ಕೂದಲು ಸುತ್ತಿ ನಿಂತ ಜಾಗವೇ ಸುಳಿ. ಎಲ್ಲಿ ಬಿದ್ದರೆ ಮನೆ ಬೆಳಗುತ್ತದೆ, ಎಲ್ಲಿ ಬಿದ್ದರೆ ಮನೆ ಮುರಿಯುತ್ತದೆ ಎಂದು ಅವನು ಬೆರಳಿಟ್ಟು ಹೇಳಬಲ್ಲ. ಟ್ರ್ಯಾಕ್ಟರು ಬಂದ ಮೇಲೆ ಆ ವಿದ್ಯೆಯನ್ನು ಯಾರೂ ಕೇಳುತ್ತಿರಲಿಲ್ಲ. ಈಗ ಕೇಳುವಂತಾಯಿತು ಎಂಬ ಸಣ್ಣ ಹುರುಪು ಅವನ ನಡಿಗೆಯಲ್ಲಿತ್ತು.

ಹಾವೇರಿಯ ಹೊರಗೆ, ಹೆದ್ದಾರಿಯ ಪಕ್ಕದಲ್ಲಿ ರಹಿಮಾನಸಾಬರ ಅಂಗಳ. ತಗಡಿನ ಚಪ್ಪರದ ಕೆಳಗೆ ಏಳೆಂಟು ಕುದುರೆಗಳು. ಮದುವೆಗೆ ಬಾಡಿಗೆಗೆ ಕೊಡುತ್ತಾರೆ, ಮಾರುತ್ತಾರೆ, ಮುದಿಯಾದವನ್ನು ಕೊಳ್ಳುತ್ತಾರೆ ಕೂಡ.

"ಬರ್ರಿ ಗೌಡ್ರ, ಕುಂದ್ರಿ ಅಕ್ಕಾರ. ಯಾರಿಗ್ರಿ ಕುದರಿ? ಮದಿಮಗಗೇನ್ರಿ?"

"ಮೂರನೇ ಇಯತ್ತೆ ಸಾಲಿ ಹುಡುಗಿಗೆ," ಎಂದಳು ನೀಲಗಂಗವ್ವ.

ಸಾಬರು ನಗಲು ಬಾಯಿ ತೆರೆದವರು ಅವಳ ಮುಖ ನೋಡಿ ಚಪ್ಪರದ ಕಡೆ ಕೈ ತೋರಿದರು. ಕೊಟ್ರಪ್ಪ ಆಗಲೇ ಕುದುರೆಗಳ ನಡುವೆ ಹೊಕ್ಕಿದ್ದ. ಹಣೆ ಸವರಿದ, ಬೆನ್ನು ಸವರಿದ, ಕಂದು ಬಣ್ಣದ ಗಂಡು ಕುದುರೆಯೊಂದರ ಗಂಟಲ ಕೆಳಗಿನ ಸುಳಿಯ ಮೇಲೆ ಬೆರಳಾಡಿಸಿ ಅಲ್ಲಿಯೇ ನಿಂತ.

"ದೇವಮಣಿ!"

"ಹೌದ್ರಿ ಗೌಡ್ರ. ಕೊಳ್ಳಾಗಿನ ದೇವಮಣಿ. ನೂರು ಕುದರಿಗೆ ಒಂದು. ನಿಮ್ಮ ಕಣ್ಣು ಖರೇ ಕಣ್ಣು."

"ಇದು ಹೊಕ್ಕ ಮನಿಗೆ ಕೇಡಿಲ್ಲ ನೋಡs," ಎಂದು ಕೊಟ್ರಪ್ಪ ಹೆಂಡತಿಯ ಕಡೆ ತಿರುಗಿದ. ಎಷ್ಟೋ ತಿಂಗಳ ಮೇಲೆ ಅವನ ದನಿ ಏರಿತ್ತು.

ನೀಲಗಂಗವ್ವ ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದ ರೊಟ್ಟಿಯನ್ನು ಅಂಗೈಯಲ್ಲಿಟ್ಟು ಚಾಚಿದಳು. ಕುದುರೆ ಕಸಿದುಕೊಂಡಿತು. ಹಲ್ಲು ಅಂಗೈಗೆ ತಾಗಿ ಚರ್ಮ ಕೆಂಪಾಯಿತು. ಅವಳ ಅಪ್ಪನಾಗಿದ್ದರೆ ಅಷ್ಟಕ್ಕೇ ಆ ಕುದುರೆಯನ್ನು ಬಿಟ್ಟು ಮುಂದೆ ಹೋಗುತ್ತಿದ್ದ. ಕುದುರೆಯ ಗುಣ ತುಟಿಯಲ್ಲಿರುತ್ತದೆ ಎನ್ನುತ್ತಿದ್ದ. ಅವಳಿಗೂ ಅದು ಗೊತ್ತಿತ್ತು. ಆದರೆ ನೋವಾಗಲಿಲ್ಲ, ನೋವಾಗದ್ದರಿಂದ ಏನು ಹೇಳಬೇಕೆಂದೂ ತೋಚಲಿಲ್ಲ. ಸೆರಗಿನಿಂದ ಕೈ ಒರೆಸಿಕೊಂಡಳು. ಹದಿನೈದು ದಿನ ಇಟ್ಟುಕೊಂಡು ನೋಡುವುದು, ಮನಸ್ಸಿಗೆ ಬಾರದಿದ್ದರೆ ತಂದುಬಿಡುವುದು ಎಂಬ ಮಾತಾಯಿತು. ಸುಳಿಯ ಹೆಸರೇ ಕುದುರೆಗೂ ಆಗಿ, ದೇವಮಣಿ ಟೆಂಪೋ ಹತ್ತಿ ಹಲಗೇರಿಗೆ ಬಂತು.

ಹುಡುಗಿಯನ್ನು ಹತ್ತಿಸಲು ಮಾತ್ರ ನೀಲಗಂಗವ್ವ ಒಪ್ಪಲಿಲ್ಲ. ತಕ್ಕಡಿಯಲ್ಲಿ ಶ್ರದ್ಧಾಳನ್ನು ತೂಗಿದಳು, ಇಪ್ಪತ್ತೆರಡು ಕಿಲೋ. ಅಷ್ಟೇ ಜೋಳವನ್ನು ಚೀಲಕ್ಕೆ ತುಂಬಿ, ಬಾಯಿ ಹೊಲಿದು, ಜೀನಿನ ಮೇಲೆ ಹಗ್ಗದಿಂದ ಕಟ್ಟಿದಳು. ಚೀಲದ ಬೆನ್ನಿಗೆ ಹುಡುಗಿಯ ಪಾಟಿಚೀಲ. ಬೆಳಿಗ್ಗೆ ಒಂಬತ್ತಕ್ಕೆ ಮನೆ ಬಿಟ್ಟು, ಕಾಲುವೆ ದಾಟಿ, ಊರೊಳಗೆ ಹಾಯ್ದು, ಬೇಸಿಗೆ ರಜೆಗೆ ಬೀಗ ಹಾಕಿದ್ದ ಶಾಲೆಯ ಗೇಟಿನವರೆಗೆ ಹೋಗಿ ಹಿಂದಿರುಗುವುದು. ಸಂಜೆ ಮತ್ತೆ ಹಾಗೆಯೇ.

ಚಹಾದಂಗಡಿಯ ಕಟ್ಟೆಯ ಮೇಲಿನವರಿಗೆ ಹಬ್ಬವಾಯಿತು.

"ಯವ್ವಾ ನೀಲಗಂಗವ್ವಾ, ಚೀಲಕ್ಕ ಹಾಜರಿ ಹಾಕ್ಯಾರೇನ ಮಾಸ್ತರ?"

"ಹಾಕ್ಯಾರಪ್ಪಾ. ನಿನಕಿಂತ ಶಾಣ್ಯಾ ಐತಂತ."

"ಮತ್ತ ಪಾಸ್ ಆಕ್ಕೈತೇನು?"

"ಬೀಳಲಿಲ್ಲಂದ್ರ ಪಾಸ್."

ಅವಳು ನಿಲ್ಲದೆ, ನಗದೆ ಹೇಳುತ್ತ ಹೋಗುತ್ತಿದ್ದಳು. ಹಿಂದಿನಿಂದ ಅವರ ನಗೆ ಕೇಳುತ್ತಿತ್ತು.

ನಾಲ್ಕನೆಯ ದಿನ ಚೀಲ ಬಿತ್ತು. ಕಾಲುವೆಯ ಸೇತುವೆಯ ಮೇಲೆ ಯಾರೋ ಸೈಲೆನ್ಸರ್ ಕಿತ್ತ ಬೈಕಿನಲ್ಲಿ ಫಟಫಟ ಸಿಡಿಸುತ್ತ ಪಕ್ಕಕ್ಕೇ ಹಾಯ್ದ. ದೇವಮಣಿ ಮುಂಗಾಲೆತ್ತಿ ನಿಂತು, ಅವಳ ಕೈಯ ಹಗ್ಗ ಸೆಳೆದುಕೊಂಡು, ಬಂದ ದಾರಿಯಲ್ಲಿ ಓಡಿತು. ಜೀನು ಜಾರಿ ಹೊಟ್ಟೆಯ ಕೆಳಗೆ ಬಂತು. ಚೀಲ ಮೊದಲು ಕಲ್ಲಿಗೆ ಬಡಿದು, ಆಮೇಲೆ ಗೊರಸಿಗೆ ಸಿಕ್ಕು ಒಡೆಯಿತು. ಇಪ್ಪತ್ತು ಹೆಜ್ಜೆಯುದ್ದ ದಾರಿಯ ಮೇಲೆ ಜೋಳ ಚೆಲ್ಲಿತು.

ನೀಲಗಂಗವ್ವ ನೋಡುತ್ತ ನಿಂತಳು. ಮಣ್ಣು ಬೆರೆತಿದೆ, ಜರಡಿ ಹಿಡಿಯಬೇಕಾಗುತ್ತದೆ ಎಂಬುದು ಅವಳಿಗೆ ಬಂದ ಮೊದಲ ವಿಚಾರ. ಆಮೇಲೆ, ಆ ಚೀಲ ಇಪ್ಪತ್ತೆರಡು ಕಿಲೋ ಎಂಬುದು ನೆನಪಾಯಿತು. ಎದೆ ಹೊಡೆದುಕೊಳ್ಳುತ್ತದೇನೋ ಎಂದು ಕಾದಳು. ಹೊಡೆದುಕೊಳ್ಳಲಿಲ್ಲ. ಹೆದರಬೇಕಾದಲ್ಲಿ ಹೆದರದ ಮುದುಕಿ, ಕೂಸು ಕುಳಿತ ಕುದುರೆಯ ಹಗ್ಗ ಹಿಡಿದು ಹೇಗೆ ನಡೆದಾಳು ಎಂದುಕೊಂಡಳು. ಕೈಯಲ್ಲಿ ಹಗ್ಗ ಸೀಳಿದ ಗೆರೆ ಇತ್ತು. ಸಿಕ್ಕಷ್ಟು ಜೋಳ ಬಳಿದು ಸೆರಗಿಗೆ ತುಂಬಿಕೊಂಡು, ಕುದುರೆ ಹೋದ ದಾರಿಯಲ್ಲಿ ನಡೆದು ಮನೆಗೆ ಬಂದಳು. ಅದು ಆಗಲೇ ಬಂದು ಹಿತ್ತಿಲಲ್ಲಿ ಹುಲ್ಲು ತಿನ್ನುತ್ತಿತ್ತು.

ಆದದ್ದನ್ನು ಏನೂ ಮುಚ್ಚದೆ ಸೊಸೆಗೆ ಹೇಳಿದಳು. ಶ್ರೀದೇವಿ ಹೂವಿನ ಪುಡಿ ಹತ್ತಿದ ಕೈಯಲ್ಲೇ ಮಗಳನ್ನು ಅಪ್ಪಿಕೊಂಡು, "ಚೀಲ ಕಟ್ಟಿದ್ದು ಪುಣ್ಯಾ ಆತ್ರಿ ಅತ್ತಿ," ಎಂದು ಅತ್ತಳು.

ಕೊಟ್ರಪ್ಪ ಮೀಸೆ ತಿರುವಿದ. "ದೇವಮಣಿ ಇದ್ದದ್ದಕ್ಕs ಚೀಲ ಬಿತ್ತು, ಕೂಸು ಬೀಳಲಿಲ್ಲ. ಸುಳಿ ಏನ್ ಸುಳ್ಳಾಗಿಲ್ಲ."

ಆದರೂ ಮರುದಿನ ದೇವಮಣಿ ಟೆಂಪೋದಲ್ಲಿ ಹಾವೇರಿಗೆ ಮರಳಿತು.

ರಹಿಮಾನಸಾಬರು ಮಾತಿಗೆ ತಪ್ಪಲಿಲ್ಲ. ಕುದುರೆಯನ್ನು ಹಿಂದಕ್ಕೆ ಕಟ್ಟಿ, ಬೇರೆ ಮೂರನ್ನು ಬಿಚ್ಚಿ ತೋರಿಸಿದರು. ನೀಲಗಂಗವ್ವ ಮೂರಕ್ಕೂ ರೊಟ್ಟಿಯ ಚೂರು ಚಾಚಿದಳು, ಮೂರಕ್ಕೂ ತಲೆಯಾಡಿಸಿದಳು. ಕಾಲು ತೊಳೆದುಕೊಳ್ಳಲೆಂದು ಹಿತ್ತಿಲಿಗೆ ಹೋದಾಗ, ಅಲ್ಲಿ ಸಾಬರ ಹೆಂಡತಿ ಮೈಮುನಾಬಿ ಬೂದು ಬಣ್ಣದ ಹೆಣ್ಣು ಕುದುರೆಯೊಂದರ ಬೆನ್ನಿಂದ ಹುಲ್ಲಿನ ಹೊರೆ ಇಳಿಸುತ್ತಿದ್ದಳು. ಅದರ ಹೊಟ್ಟೆಯ ಕೆಳಗೆ ಇಬ್ಬರು ಮೊಮ್ಮಕ್ಕಳು ಗೋಲಿ ಆಡುತ್ತ ಕುಳಿತಿದ್ದರು. ಗೋಡೆಯ ಆಚೆ ಹೆದ್ದಾರಿಯಲ್ಲಿ ಲಾರಿಯೊಂದು ಉದ್ದಕ್ಕೆ ಹಾರ್ನ್ ಹೊಡೆಯಿತು. ಕುದುರೆಯ ಒಂದು ಕಿವಿ ಅತ್ತ ತಿರುಗಿ ಮತ್ತೆ ಮುಂದಕ್ಕೆ ಬಂತು. ಕಾಲು ಕದಲಲಿಲ್ಲ.

"ಇದು ಮಾರೂದೇನವ್ವಾ?"

"ಮಾರೂದs ಅಕ್ಕಾ. ಮೂರು ಸಲ ಮಾರೇವಿ, ಮೂರೂ ಸಲ ಹೊಳ್ಳಿ ತಂದು ಕಟ್ಟ್ಯಾರ."

"ಒದಿತೈತೇನು?"

"ಒದ್ದಿದ್ರ ಛಲೋ ಇತ್ತು, ಒಂದು ಕಾರಣರ ಸಿಗತಿತ್ತು. ಕಣ್ಣ ಕೆಳಗ ನೋಡ್ರಿ."

ಬಲಗಣ್ಣಿನ ಕೆಳಗೆ, ನೀರು ಇಳಿಯುವ ಜಾಗದಲ್ಲಿ, ಕಡಲೆಕಾಳಿನಷ್ಟು ಕೂದಲು ಸುತ್ತಿ ನಿಂತಿತ್ತು. ನೀಲಗಂಗವ್ವ ಉಳಿದ ರೊಟ್ಟಿ ಚಾಚಿದಳು. ಕುದುರೆ ಮೂಸಿ ನೋಡಿ, ತುಟಿಯಿಂದಲೇ ಎತ್ತಿಕೊಂಡಿತು. ಅಂಗೈಗೆ ಬೆಚ್ಚನೆಯ ಉಸಿರಷ್ಟೇ ತಾಗಿತು.

ಹೆಂಡತಿಯನ್ನು ಹುಡುಕಿಕೊಂಡು ಬಂದ ಕೊಟ್ರಪ್ಪ ಕುದುರೆಯ ಮುಖ ನೋಡಿ ನಾಲ್ಕು ಹೆಜ್ಜೆ ಹಿಂದೆ ಸರಿದ.

"ಕಣ್ಣೀರ ಸುಳಿ! ಸಾಬರ, ಇದನ್ಯಾಕ ಇಟ್ಟೀರಿ ಅಂಗಳದಾಗ?"

"ಅದನ್ನ ನಾ ನಿಮಗ ತೋರಿಸೇ ಇಲ್ಲಲ್ರಿ ಗೌಡ್ರ," ಎಂದರು ಸಾಬರು ಹಿಂದಿನಿಂದ. "ನಮ್ಮಾಕಿ ಹುಲ್ಲು ಹೇರಾಕ ಇಟಗೊಂಡಾಳ."

"ಕೇಳಿಲ್ಲಿ," ಎಂದು ಕೊಟ್ರಪ್ಪ ಹೆಂಡತಿಗೆ ದನಿ ತಗ್ಗಿಸಿ ಹೇಳಿದ. "ಹೀಂಗ ಕಣ್ಣ ಬುಡಕ ಸುಳಿ ಬಿದ್ದದ್ದು ಹೊಕ್ಕ ಮನ್ಯಾಗ ಮಂದಿ ಅಳತಾರ. ನಮ್ಮಪ್ಪನ ಕಾಲದಿಂದ ಕೇಳಿದ ಮಾತು."

"ಅಳಲಿ ಬಿಡ್ರಿ," ಎಂದಳು ನೀಲಗಂಗವ್ವ. "ನನಗ ಅಳಾಕ ಬಂದs ಇಲ್ಲ ಇನ್ನೂ."

ಕೊಟ್ರಪ್ಪ ರುಮಾಲು ತೆಗೆದು ಕೊಡವಿ ಮತ್ತೆ ಸುತ್ತಿಕೊಂಡ. ಮೈಮುನಾಬಿ ಮೊಮ್ಮಕ್ಕಳನ್ನು ಆಚೆಗೆ ಕಳಿಸಿ, ಹಗ್ಗವನ್ನು ನೀಲಗಂಗವ್ವನ ಕೈಗೆ ಕೊಟ್ಟಳು. ಅದೇ ಹದಿನೈದು ದಿನದ ಮಾತು.

ಮತ್ತೆ ಚೀಲ ತುಂಬಿತು, ಬಾಯಿ ಹೊಲಿದದ್ದಾಯಿತು. ಎಂಟು ದಿನ ಚೀಲ ಶಾಲೆಗೆ ಹೋಗಿ ಬಂತು. ಸೇತುವೆಯ ಮೇಲೆ ಬೈಕು ಹಾಯ್ದವು, ಟ್ರ್ಯಾಕ್ಟರು ಹಾಯ್ದವು, ಒಮ್ಮೆ ಮದುವೆಯ ಬ್ಯಾಂಡು ಎದುರಾಯಿತು. ಬೂದು ಕುದುರೆ ಒಂದೇ ನಡಿಗೆಯಲ್ಲಿ ನಡೆಯಿತು. ಐದನೆಯ ದಿನದ ಹೊತ್ತಿಗೆ ಚಹಾದಂಗಡಿಯವರಿಗೆ ಚೀಲದ ಮೇಲಿನ ಹಾಸ್ಯ ಸಾಕಾಗಿ, ಕುದುರೆಯ ಮುಖ ಕಣ್ಣಿಗೆ ಬಿತ್ತು. ಅಂದಿನಿಂದ ನಗೆ ನಿಂತಿತು. ಅವಳು ಬಂದಾಗ ಮಾತೂ ನಿಲ್ಲುತ್ತಿತ್ತು.

ಹಿಟ್ಟಿನ ಗಿರಣಿಗೆ ಹೋಗಿ ಬಂದ ಶ್ರೀದೇವಿ ಡಬ್ಬಿ ಇಳಿಸಿ, ಬೆನ್ನು ತಿರುಗಿಸಿಕೊಂಡೇ ಹೇಳಿದಳು: "ಗಂಡ ಹ್ವಾದ ಮನ್ಯಾಗ ಕಣ್ಣೀರ ಸುಳಿ ಕಟಗೊಂಡಾರ, ಉಳದದ್ದೂ ಹೊಕ್ಕೈತಿ ಅಂತ ಮಾತಾಡಾಕತ್ತಾರ್ರಿ ಅತ್ತಿ. ನಾಳೆ ಬೆಂಡಿಗೆ ರೋಗ ಬಿದ್ರೂ ಕುದರಿ ಅಂತಾರ. ಕುದರಿ ಅಂದು ನನ್ನ ಕಡೆ ನೋಡತಾರ."

ನೀಲಗಂಗವ್ವ ಪೂರ್ತಿ ಕೇಳಿಸಿಕೊಂಡಳು. "ಹೊಳ್ಳಿ ಕಳಸೂಣೇನು?"

ಶ್ರೀದೇವಿ ಹಿಟ್ಟಿನ ಡಬ್ಬಿಯ ಮುಚ್ಚಳ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. "ಬ್ಯಾಡ್ರಿ. ಒಂದ್ ತಾರೀಕಿಗೆ ಬ್ಯಾರೆ ಏನೈತಿ?"

ಕಟ್ಟೆಯ ಮೇಲೆ ಕಾಲು ಇಳಿಬಿಟ್ಟುಕೊಂಡು ಕುಳಿತಿದ್ದ ಶ್ರದ್ಧಾ ಅಂದೇ ಸಂಜೆ ಅಜ್ಜಿಯನ್ನು ಕೇಳಿದಳು: "ಆಯೀ, ಚೀಲ ದಿನಾ ಸಾಲಿಗೆ ಹೊಕ್ಕೈತಿ. ನಾ ಯಾವಾಗ?"

ಚೀಲ ಇಳಿಯಿತು. ಮರುದಿನ ಬೆಳಿಗ್ಗೆ ಹುಡುಗಿ ಹತ್ತಿದಳು. ನೀಲಗಂಗವ್ವ ಒಂದು ಕೈಯಲ್ಲಿ ಹಗ್ಗ, ಇನ್ನೊಂದು ಕೈಯನ್ನು ಹುಡುಗಿಯ ತೊಡೆಯ ಮೇಲಿಟ್ಟು ಹೊಲದ ದಾರಿಯಲ್ಲಿ ನಡೆದಳು. ಬೇವಿನ ಮರದ ಹತ್ತಿರ ಎದುರಿಗೆ ಬೈಕು ಬಂತು. ತೊಡೆ ಕಲ್ಲಾಯಿತು. ಹುಡುಗಿ ಎರಡೂ ಕೈಯಲ್ಲಿ ಕುದುರೆಯ ಕುತ್ತಿಗೆಯ ಕೂದಲು ಹಿಡಿದುಕೊಂಡಳು. ಕುದುರೆ ಹೆಜ್ಜೆ ಹೆಚ್ಚೂ ಮಾಡಲಿಲ್ಲ, ಕಡಿಮೆಯೂ ಮಾಡಲಿಲ್ಲ. ಬೈಕು ಹೋಯಿತು. ಹತ್ತು ಹೆಜ್ಜೆ ನಡೆದ ಮೇಲೆ ತೊಡೆ ಸ್ವಲ್ಪ ಸ್ವಲ್ಪವಾಗಿ ಸಡಿಲಾದದ್ದು ನೀಲಗಂಗವ್ವನ ಅಂಗೈಗೆ ತಿಳಿಯಿತು. ಬಹಳ ದಿನಗಳ ಮೇಲೆ ಆ ಕೈಗೆ ಏನೋ ತಿಳಿದಿತ್ತು.

ಕೂಸು ಇಲ್ಲಿಯೇ ಇರುತ್ತದೆ ಎಂದು ಶ್ರೀದೇವಿ ಬ್ಯಾಡಗಿಗೆ ಫೋನ್ ಮಾಡಿದಳು. "ಕುದರಿ ಮ್ಯಾಲೆ?" ಎಂದು ವಿಕಾಸ ಮೂರು ಸಲ ಕೇಳಿದನಂತೆ.

ಮೇ ಮೂವತ್ತೊಂದಕ್ಕೆ ರಹಿಮಾನಸಾಬರು ಬಂದರು. ವ್ಯವಹಾರ ಪಕ್ಕಾ ಆದ ಮೇಲೆ ಹೊಸ ಲಾಳ ತಾವೇ ಕಟ್ಟಿಕೊಡುವುದು ಅವರ ರೂಢಿ. ಕುದುರೆಯನ್ನು ಅಂಗಳಕ್ಕೆ ತಂದರು. ಕೊಟ್ರಪ್ಪ ಅವರ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು, ಊರ ಮಾತನ್ನೆಲ್ಲ ಸಣ್ಣ ದನಿಯಲ್ಲಿ ಹೇಳಿಕೊಂಡ. ಸೊಸೆ ಗಿರಣಿಗೆ ಹೋಗುವುದನ್ನು ಬಿಟ್ಟಿದ್ದಾಳೆ ಎಂದೂ ಹೇಳಿದ.

ಸಾಬರು ಗೊರಸು ಕೆಳಗೆ ಬಿಟ್ಟು ಎದ್ದರು.

"ಇಷ್ಟs ಅಲ್ಲೇನ್ರಿ ಗೌಡ್ರ? ಅಕ್ಕಾರ ಒಲಿ ಹೆಂಗೂ ಹೊತ್ತೈತಿ. ಒಂದು ಸಣ್ಣ ಸರಳು ಕಾಸಿ ಹೀಂಗ ಮುಟ್ಟಿಸಿದ್ರ ಸುಳಿ ಸುಟ್ಟು ಹೊಕ್ಕೈತಿ. ಮ್ಯಾಲ ಬರೇ ಗಾಯದ ಕಲಿ ಉಳಿತೈತಿ. ಮುಳ್ಳು ಚುಚ್ಚಿತ್ತು ಅನ್ರಿ. ಯಾವ ಮಗನೂ ಏನೂ ಅನ್ನೂದಿಲ್ಲ."

"ಇಷ್ಟು ದಿನ ನೀವs ಯಾಕ ಮಾಡಲಿಲ್ಲ ಮತ್ತ?" ಎಂದ ಕೊಟ್ರಪ್ಪ.

"ಮಾರಾಕಂತ ಮಾಡಿದ್ರ ಅದು ಮೋಸ. ಮಾರಿದ ಮ್ಯಾಲೆ ಮಾಡಿದ್ರ ಉಪಕಾರ. ರೊಕ್ಕ ಗಿಕ್ಕ ಏನೂ ಬ್ಯಾಡ್ರಿ. ನಿಮ್ಮ ಸೊಸಿ ಮುಖ ನೋಡಿ ಮಾಡಿಕೊಡತೇನಿ."

ಕೊಟ್ರಪ್ಪನ ಮುಖ ಅರಳಿತು. "ಹಾಂ, ಮಾಡ್ರಿ ಮಾಡ್ರಿ. ಸರಳು ನಾ ತರತೇನಿ."

ಶ್ರೀದೇವಿ ಬಾಗಿಲಲ್ಲಿ ನಿಂತು ಅತ್ತೆಯನ್ನೇ ನೋಡುತ್ತಿದ್ದಳು. ಹೂಂ ಎಂದುಬಿಡಿ ಎಂದು ಅವಳ ಕಣ್ಣೇ ಕೇಳುತ್ತಿತ್ತು. ಅವಳಿಗಾಗಿ ಹೂಂ ಅನ್ನಬಹುದಿತ್ತು. ನೀಲಗಂಗವ್ವನ ನಾಲಿಗೆಯ ತುದಿಗೆ ಅದು ಬಂದೂ ಇತ್ತು.

ಅಂಗಳದಲ್ಲಿ ಕುದುರೆ ತಲೆ ತಗ್ಗಿಸಿ ಕಟ್ಟೆಯ ಅಂಚಿಗೆ ಗದ್ದ ಊರಿತ್ತು. ಕಟ್ಟೆಯ ಮೇಲೆ ಕುಳಿತ ಶ್ರದ್ಧಾ ಒಂದು ಬೆರಳಿನಿಂದ ಅದರ ಕಣ್ಣಿನ ಕೆಳಗೆ ಮೆಲ್ಲಗೆ ಉಜ್ಜುತ್ತಿದ್ದಳು. ತಲೆ ತಗ್ಗಿಸಿದಾಗ ಅವಳ ಕೈಗೆ ಎಟಕುವುದು ಅದೇ ಜಾಗ.

"ಬ್ಯಾಡ್ರಿ ಸಾಬರ," ಎಂದಳು ನೀಲಗಂಗವ್ವ.

"ಅಕ್ಕಾರ, ಒಂದ್ ಚಿಟಿಕಿ ಹೊಡಿಯೂದರಾಗ ಮುಗೀತೈತ್ರಿ. ಅದಕ್ಕೂ ಭಾಳ ತ್ರಾಸ ಆಗೂದಿಲ್ಲ."

"ಆಗಲಿ, ಬಿಡಲಿ. ಕಣ್ಣ ಬುಡಕ ಕಾದದ್ದು ಮುಟ್ಟಿಸಿದ್ರ, ಮಾರಿ ಹತ್ರ ಕೈ ಬಂತಂದ್ರ ಅದು ಹೆದರತೈತಿ. ಕೂಸಿನ ಕೈ ದಿನಾ ಹೋಗೂದು ಅಲ್ಲೇ."

"ಮತ್ತ ಮಂದಿ?" ಎಂದ ಕೊಟ್ರಪ್ಪ, ಸರಳು ತರಲು ಎದ್ದವನು ಅರ್ಧಕ್ಕೇ ನಿಂತು.

ಅವಳು ಸೊಸೆಯ ಕಡೆ ನೋಡಿದಳು. "ಗಿರಣಿಗೆ ಇನ್ನ ನಾ ಹೊಕ್ಕೇನಿ ಶ್ರೀದೇವಿ," ಎಂದಳು. ಆಮೇಲೆ ಸಾಬರಿಗೆ ಕೈಮುಗಿದಳು. "ನೀವು ಮಾಡಿಕೊಡತೇನಿ ಅಂದದ್ದs ದೊಡ್ಡದು. ಲಾಳ ಅಷ್ಟು ಕಟ್ಟ್ರಿ, ಸಾಕು."